ಈಗಲೇ ಕೊಳ್ಳುವುದಾ, ಹೊಸ ಕನ್ಸೋಲಿಗೆ ಕಾಯುವುದಾ? ಪುಕಾರು ಕೇಳಿ ಮಂಡೆಬಿಸಿ ಆದವರಿಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಉಂಟು. ಲ್ಯಾಪ್‌ಟಾಪ್, ಪ್ರಿಂಟರ್ ತರುವವರೇ ಜಾಸ್ತಿ. ಆದರೆ ಈಗೀಗ ವಾರಕ್ಕೆ ಒಬ್ಬರಾದರೂ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಪಿಎಸ್5 ತೆಗೆದುಕೊಳ್ಳುವ ಅಂತಿದ್ದೆ. ಆದರೆ ಪಿಎಸ್6 ಬರುತ್ತದಂತೆ, ಅಲ್ವಾ? ಕಾಯುವುದಾ?" ಪಿಎಸ್ ಅಂದರೆ ಸೋನಿ ಕಂಪನಿಯ ಪ್ಲೇಸ್ಟೇಷನ್, ಟಿವಿಗೆ ಹಾಕಿ ವಿಡಿಯೊ ಗೇಮ್ ಆಡುವ ಯಂತ್ರ. ಇಂಥ ಯಂತ್ರಕ್ಕೇ ಕನ್ಸೋಲ್ ಅನ್ನುವುದು.

ಆ "ಅಂತೆ" ಎಲ್ಲಿಂದ ಬಂತು ಅಂತ ನಾನು ಕೇಳುತ್ತೇನೆ. ಯಾವುದೋ ವಿಡಿಯೊ, ಯಾರೋ ಕಳಿಸಿದ ಸ್ಕ್ರೀನ್‌ಶಾಟ್, ದುಬೈಯಲ್ಲಿರುವ ಭಾವ ಹೇಳಿದ್ದು. ಇಲ್ಲಿನ ಮಕ್ಕಳಿಗೆ ಮಲಯಾಳದಲ್ಲಿ ವಿಡಿಯೊ ಸಿಗುತ್ತದೆ, ಇಂಗ್ಲಿಷಿನಲ್ಲಿ ರಾಶಿ ರಾಶಿ ಸಿಗುತ್ತದೆ. ಕನ್ನಡದಲ್ಲಿ ಕೂತು ಬಿಡಿಸಿ ಹೇಳಿದ್ದು ಕಾಣುವುದು ಕಡಿಮೆ. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗರು, ಅವರ ಅಪ್ಪ ಅಮ್ಮ, ಅಡಿಕೆ ಮಾರಿದ ದುಡ್ಡಿನಲ್ಲಿ ಐವತ್ತು ಸಾವಿರ ಎತ್ತಿಟ್ಟು ಇಂಥದ್ದೊಂದು ಕೊಳ್ಳಲು ಹೊರಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಈಗ ಆಡಬೇಕಾದ ಆಟ ಇದ್ದರೆ, ದುಡ್ಡೂ ಇದ್ದರೆ, ಈಗಲೇ ಕೊಳ್ಳಿ. ಪುಕಾರು ಕೇಳಿ ಕಾಯಬೇಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಕಾಯುವುದೇ ಸರಿ ಅನ್ನುವ ಕೆಲವರೂ ಇದ್ದಾರೆ, ಅವರ ವಿಷಯವೂ ಬರುತ್ತದೆ.

ನಾನು ಕಾದದ್ದು

2021ರ ಮಾರ್ಚ್. ಶಾರ್ಜಾದಲ್ಲಿರುವ ನನ್ನ ದೊಡ್ಡಮ್ಮನ ಮಗ ವಿಷುವಿಗೆ ಊರಿಗೆ ಬರುವವನಿದ್ದ. "ನಿಂಟೆಂಡೊ ಸ್ವಿಚ್ ತರಲಾ?" ಅಂತ ಫೋನ್ ಮಾಡಿದ. ತಮ್ಮ ಆಗ ಪ್ಲಸ್ ಟು. ಕೊರೊನಾ ಕಾಲ, ಮನೆಯಲ್ಲೇ ಕ್ಲಾಸು, ಮೂರು ಹೊತ್ತೂ ಫೋನಿನ ಮುಂದೆ. ಸ್ವಿಚ್ ಅಂದರೆ ನಿಂಟೆಂಡೊ ಕಂಪನಿಯ ಕನ್ಸೋಲ್, ಕೈಯಲ್ಲಿ ಹಿಡಿದೂ ಆಡಬಹುದು, ಟಿವಿಗೆ ಹಾಕಿಯೂ ಆಡಬಹುದು. ಅವನಿಗೆ ಅದು ಬೇಕು ಅಂತ ತುಂಬ ಆಸೆ ಇತ್ತು.

ಅದೇ ವಾರ ದೊಡ್ಡ ಸುದ್ದಿ ಬಂದಿತ್ತು. ನಿಂಟೆಂಡೊ ಹೊಸ ಸ್ವಿಚ್ ಮಾಡುತ್ತಿದೆಯಂತೆ, ಏಳು ಇಂಚಿನ ಒಎಲ್‌ಇಡಿ ಪರದೆಯಂತೆ, ಟಿವಿಗೆ ಹಾಕಿದರೆ 4ಕೆ, ಅಂದರೆ ತುಂಬ ಸ್ಪಷ್ಟ ಚಿತ್ರ, ಬರುತ್ತದಂತೆ. ಎಲ್ಲರೂ ಅದಕ್ಕೆ ಸ್ವಿಚ್ ಪ್ರೊ ಅಂತ ಹೆಸರೂ ಇಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ. ನಾನು ಶಾರ್ಜಾದ ಅಣ್ಣನಿಗೆ ಹೇಳಿದೆ, "ಈಗ ಬೇಡ, ಹೊಸತು ಬರಲಿ."

ಜುಲೈ 6ಕ್ಕೆ ನಿಂಟೆಂಡೊ ಹೊಸ ಮಾಡೆಲ್ ತೋರಿಸಿತು. ಏಳು ಇಂಚಿನ ಒಎಲ್‌ಇಡಿ ಪರದೆ ನಿಜ. 4ಕೆ ಇಲ್ಲ. ಒಳಗಿನ ಚಿಪ್ ಹಳೆಯದೇ. ಆಟ ಓಡುವ ವೇಗದಲ್ಲಿ ವ್ಯತ್ಯಾಸ ಇಲ್ಲ. ನಿಜವಾದ ಹೊಸ ಯಂತ್ರ, ಅಂದರೆ ಸ್ವಿಚ್ 2, ಅಂಗಡಿಗೆ ಬಂದದ್ದು 2025ರ ಜೂನ್ 5ಕ್ಕೆ. ಸುದ್ದಿ ಬಂದು ನಾಲ್ಕು ವರ್ಷ ದಾಟಿತ್ತು. ಅಷ್ಟರಲ್ಲಿ ತಮ್ಮ ಮೈಸೂರಿಗೆ ಓದಲು ಹೋಗಿ, ಓದು ಮುಗಿಸಿ, ಕೆಲಸಕ್ಕೂ ಸೇರಿದ್ದ. ಮಳೆಗಾಲದ ಆ ಉದ್ದ ಉದ್ದ ಸಂಜೆಗಳಲ್ಲಿ ಇಬ್ಬರೂ ಚಾವಡಿಯಲ್ಲಿ ಕೂತು ಆಡಬಹುದಿತ್ತು. ಆಗಲಿಲ್ಲ. ನನಗೆ ಬೇಸರ ಇರುವುದು ದುಡ್ಡಿನದ್ದಲ್ಲ, ಅದರದ್ದು.

ಇಲ್ಲಿ ಗಮನಿಸಬೇಕಾದ್ದು ಒಂದು ಉಂಟು. ಆ ಸುದ್ದಿ ಪೂರ್ತಿ ಸುಳ್ಳಾಗಿರಲಿಲ್ಲ. ಪರದೆಯ ಅಳತೆ ಸರಿ, ಒಎಲ್‌ಇಡಿ ಸರಿ. ತಪ್ಪಿದ್ದು ನಾನು ಯಾವುದಕ್ಕಾಗಿ ಕಾದೆನೋ ಅದೇ. ಅರ್ಧ ನಿಜವಾದ ಪುಕಾರಿನಿಂದ ಆಗುವಷ್ಟು ನಷ್ಟ ಪೂರ್ತಿ ಸುಳ್ಳಿನಿಂದ ಆಗುವುದಿಲ್ಲ, ಯಾಕೆಂದರೆ ಪೂರ್ತಿ ಸುಳ್ಳನ್ನು ನಾವು ಬೇಗ ಬಿಟ್ಟುಬಿಡುತ್ತೇವೆ.

ಯಾವ "ಅಂತೆ"ಗೆ ಎಷ್ಟು ತೂಕ

ಎಲ್ಲ ಪುಕಾರೂ ಒಂದೇ ಅಲ್ಲ. ಯಾರ ಕೈಯಿಂದ ಜಾರಿದ್ದು ಅಂತ ನೋಡಿದರೆ ಅರ್ಧ ಗೊತ್ತಾಗುತ್ತದೆ.

ಚಿಪ್‌ನ ಸುದ್ದಿ ಎಲ್ಲಕ್ಕಿಂತ ಮೊದಲು ಹೊರಗೆ ಬರುತ್ತದೆ. ಚಿಪ್ ವಿನ್ಯಾಸ ವರ್ಷಗಟ್ಟಲೆ ಮುಂಚೆ ಶುರುವಾಗುತ್ತದೆ, ನೂರಾರು ಜನರ ಕೈ ದಾಟುತ್ತದೆ. ಈಗ ಕೇಳಿಬರುವ ಒರಾಯನ್, ಕ್ಯಾನಿಸ್, ಮ್ಯಾಗ್ನಸ್ ಅನ್ನುವ ಹೆಸರುಗಳೆಲ್ಲ ಇಂಥವು. ಮೊದಲ ಎರಡು ಮುಂದಿನ ಪ್ಲೇಸ್ಟೇಷನ್‌ದಂತೆ, ಅದರಲ್ಲಿ ಕ್ಯಾನಿಸ್ ಕೈಯಲ್ಲಿ ಹಿಡಿದು ಆಡುವ ಯಂತ್ರದ್ದಂತೆ. ಮೂರನೆಯದು ಮೈಕ್ರೋಸಾಫ್ಟ್ ಕಂಪನಿಯ ಮುಂದಿನ ಕನ್ಸೋಲ್ ಎಕ್ಸ್‌ಬಾಕ್ಸ್‌ದಂತೆ. ಎಲ್ಲವೂ ಅಂತೆಯೇ. ಹೆಸರು ನಿಜವೇ ಆದರೂ ಅದರಿಂದ ನಿಮಗೆ ದಿನಾಂಕವೂ ಸಿಗುವುದಿಲ್ಲ, ಬೆಲೆಯೂ ಸಿಗುವುದಿಲ್ಲ.

ಸಂಖ್ಯೆ ಸರಿ ಇದ್ದರೂ ಮೋಸ ಹೋಗಬಹುದು. ಪಿಎಸ್5ರ ಜಾಸ್ತಿ ಶಕ್ತಿಯ ಮಾಡೆಲ್ ಪಿಎಸ್5 ಪ್ರೊ ಬರುವ ಮೊದಲು 33.5 ಟೆರಾಫ್ಲಾಪ್ (ಚಿಪ್ ಎಷ್ಟು ಬೇಗ ಲೆಕ್ಕ ಮಾಡುತ್ತದೆ ಅನ್ನುವ ಅಳತೆ) ಅಂತ ಒಂದು ಲೆಕ್ಕ ಎಲ್ಲ ಕಡೆ ಹರಿದಾಡಿತು. ಹಳೆಯ ಪಿಎಸ್5ರದ್ದು 10.28. ಹಾಗಾದರೆ ಮೂರು ಪಟ್ಟು ಜಾಸ್ತಿ ಅಂತ ಜನ ಕುಣಿದರು. ಯಂತ್ರ ಬಂದ ಮೇಲೆ ಸೋನಿ ಕೊಟ್ಟ ಲೆಕ್ಕ 16.7. ದೊಡ್ಡ ಸಂಖ್ಯೆ ಬಂದದ್ದು ಬೇರೆ ರೀತಿಯಲ್ಲಿ ಎಣಿಸಿದ್ದರಿಂದ. ಪರದೆಯ ಮೇಲೆ ಚಿತ್ರ ಮೂಡಿಸುವ ವೇಗ ಸುಮಾರು 45 ಶೇಕಡ ಜಾಸ್ತಿ ಅಂತ ಸೋನಿಯೇ ಹೇಳಿತು. ಒಳ್ಳೆಯ ಏರಿಕೆಯೇ. ಆದರೆ ಮೂರು ಪಟ್ಟು ಅಲ್ಲ.

ಆಕಾರದ ಸುದ್ದಿ ಬರುವುದು ಕೊನೆಯ ಕೆಲವು ತಿಂಗಳಲ್ಲಿ. ಕವರ್, ಸ್ಟ್ಯಾಂಡ್, ಚಾರ್ಜರ್ ಮಾಡುವ ಕಂಪನಿಗಳಿಗೆ ಅಳತೆ ಮುಂಚೆಯೇ ಬೇಕಾಗುತ್ತದೆ, ಅಲ್ಲಿಂದ ಸೋರುತ್ತದೆ. ಸ್ವಿಚ್ 2ರ ಬದಿಗಿರುವ ಕಂಟ್ರೋಲರ್ ಜಾಯ್‌ಕಾನ್ ಆಯಸ್ಕಾಂತದಲ್ಲಿ ಅಂಟಿಕೊಳ್ಳುತ್ತದೆ ಅನ್ನುವ ಸುದ್ದಿ ನಿಜವಾಯಿತು. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ಪ್ರದರ್ಶನದಲ್ಲಿ ಒಂದು ಬಿಡಿಭಾಗದ ಕಂಪನಿ ಅದರ ಅಚ್ಚನ್ನೇ ತೋರಿಸಿತು. ಅದೇ ತಿಂಗಳು 16ಕ್ಕೆ ನಿಂಟೆಂಡೊ ತಾನೇ ತೋರಿಸಿತು. ಈ ಬಗೆಯ ಸುದ್ದಿ ಬಂದರೆ ಯಂತ್ರ ಹತ್ತಿರದಲ್ಲೇ ಇದೆ ಅಂತ ತಿಳಿಯಬಹುದು.

ಪೇಟೆಂಟ್ ಚಿತ್ರ ಬೇರೆ. 2019ರಲ್ಲಿ ಬ್ರೆಜಿಲ್‌ನ ಪೇಟೆಂಟ್ ಕಚೇರಿಯಿಂದ ವಿ ಆಕಾರದ ಪೆಟ್ಟಿಗೆಯ ಚಿತ್ರ ಸಿಕ್ಕಿತು. ಇದೇ ಪಿಎಸ್5 ಅಂತ ಎಷ್ಟೋ ಜನ ನಂಬಿದರು. ಅದು ಆಟ ತಯಾರಿಸುವವರಿಗೆ ಕೊಡುವ ಡೆವ್‌ಕಿಟ್. ಅಂಗಡಿಗೆ ಬಂದದ್ದು ಬಿಳಿ ಬಣ್ಣದ, ಎತ್ತರದ, ಬೇರೆಯೇ ಯಂತ್ರ. ಫೋಟೊಗಳನ್ನಂತೂ ಕೇಳಲೇಬೇಡಿ. 2016ರಲ್ಲಿ ನಿಂಟೆಂಡೊದ ಹೊಸ ಕಂಟ್ರೋಲರ್ ಅಂತ ಓಡಾಡಿದ ಚಿತ್ರ ನೋಡಿದವರೆಲ್ಲ ನಂಬುವಷ್ಟು ಚೆನ್ನಾಗಿತ್ತು. ಕೊನೆಗೆ ಮಾಡಿದವನೇ ಅದು ನಕಲಿ ಅಂತ ಒಪ್ಪಿಕೊಂಡ. ಆಗ ಅದಕ್ಕೆ ಕೈಕೆಲಸ ಬೇಕಿತ್ತು. ಈಗ ಎಐ ಬಂದ ಮೇಲೆ ಅಂಥ ಚಿತ್ರ ಮಾಡಲು ಎರಡು ನಿಮಿಷ ಸಾಕು.

ಕೋರ್ಟ್ ದಾಖಲೆಯೇ ಸಿಕ್ಕರೆ? ಅದಾದರೂ ಗಟ್ಟಿ ಅಂತ ನಾನು ನಂಬಿದ್ದೆ. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆರಿಕದ ವ್ಯಾಪಾರ ಆಯೋಗವಾದ ಎಫ್‌ಟಿಸಿ ನಡುವಿನ ಕೇಸಿನ ಕಡತಗಳು ತಪ್ಪಿ ಹೊರಬಿದ್ದವು. ಅದರಲ್ಲಿ ಬ್ರೂಕ್ಲಿನ್ ಹೆಸರಿನ ಹೊಸ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇತ್ತು. ಉರುಟು ಡಬ್ಬದ ಆಕಾರ, ಡಿಸ್ಕ್ ಇಲ್ಲ, ಹೊಸ ಕಂಟ್ರೋಲರ್, 2024ರ ನವೆಂಬರ್. ಕಂಪನಿಯ ಒಳಗಿನ ಕಾಗದವೇ ಅದು. ಆದರೂ ಏನಾಯಿತು? ಯೋಜನೆ ಬದಲಾಗಿದೆ ಅಂತ ಆಗ ಎಕ್ಸ್‌ಬಾಕ್ಸ್ ನೋಡಿಕೊಳ್ಳುತ್ತಿದ್ದ ಫಿಲ್ ಸ್ಪೆನ್ಸರ್ ಹೇಳಿದರು. 2024ರಲ್ಲಿ ಡಿಸ್ಕ್ ಇಲ್ಲದ ಬಿಳಿ ಸೀರೀಸ್ ಎಕ್ಸ್ ಬಂತು, ಹಳೆಯ ಚೌಕ ಪೆಟ್ಟಿಗೆಯಲ್ಲೇ. ಅಂದರೆ ಸುದ್ದಿ ಅಸಲಿ ಆಗಿದ್ದರೂ ಯಂತ್ರ ಬರಬೇಕು ಅಂತಿಲ್ಲ. ಕಂಪನಿಗಳು ಹತ್ತು ಯೋಜನೆ ಹಾಕುತ್ತವೆ, ಎಂಟು ಬಿಡುತ್ತವೆ.

ಇನ್ನು ಬೆಲೆ. ಬೆಲೆಯ ಪುಕಾರನ್ನು ನಾನು ಕೇಳುವುದೇ ಇಲ್ಲ. ಪಿಎಸ್5ರ ಬೆಲೆ ಸೋನಿ ಹೇಳಿದ್ದು 2020ರ ಸೆಪ್ಟೆಂಬರ್ 16ಕ್ಕೆ, ಮಾರಾಟ ಶುರುವಾದದ್ದು ನವೆಂಬರ್ 12ಕ್ಕೆ. ಪಿಎಸ್5 ಪ್ರೊ ಬೆಲೆ 2024ರ ಸೆಪ್ಟೆಂಬರ್ 10ಕ್ಕೆ, ಮಾರಾಟ ನವೆಂಬರ್ 7ಕ್ಕೆ. ಸ್ವಿಚ್ 2 ಬೆಲೆ ಏಪ್ರಿಲ್ ಶುರುವಿಗೆ, ಮಾರಾಟ ಜೂನ್ 5ಕ್ಕೆ. ಮೂರೂ ಸಲ ಸುಮಾರು ಎರಡು ತಿಂಗಳು ಮೊದಲು ಮಾತ್ರ. ವರ್ಷಗಳ ಮುಂಚೆ ಬೆಲೆ ಹೇಳುವವನಿಗೆ ಅದು ಗೊತ್ತಿರಲು ಸಾಧ್ಯವೇ ಇಲ್ಲ. ಇದರಲ್ಲಿ ನಮಗೆ ಒಂದು ಅನುಕೂಲವೂ ಉಂಟು. ಹೊಸ ಕನ್ಸೋಲ್ ನಿಜವಾಗಿ ಬರುವಾಗ ಎರಡು ತಿಂಗಳ ನೋಟಿಸ್ ಸಿಕ್ಕೇ ಸಿಗುತ್ತದೆ. ಹಳೆಯದನ್ನು ಮಾರಬೇಕು ಅಂದರೆ ಆಗ ಮಾರಿದರೆ ಆಯಿತು.

ಕಂಪನಿಯವರೇ ಬಾಯಿಬಿಟ್ಟು ಹೇಳಿದ್ದು ಎಷ್ಟು? ತುಂಬ ಕಡಿಮೆ. 2025ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್‌ನ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ ಮತ್ತು ಚಿಪ್ ಮಾಡುವ ಎಎಂಡಿ ಕಂಪನಿಯ ಜ್ಯಾಕ್ ಹ್ಯುನ್ ಒಂದು ವಿಡಿಯೊ ಮಾಡಿದರು. ಬೆಳಕಿನ ಲೆಕ್ಕಕ್ಕೇ ಮೀಸಲಾದ ಹೊಸ ಕೋರ್‌ಗಳು, ಮೆಮೊರಿಗೆ ಭಾರ ಕಡಿಮೆ ಮಾಡುವ ಹೊಸ ಕಂಪ್ರೆಷನ್, ಎಐ ಲೆಕ್ಕಕ್ಕೆ ಘಟಕಗಳನ್ನು ಜೋಡಿಸುವ ಹೊಸ ರೀತಿ. ಇವೆಲ್ಲ ಈಗ ಸಿಮ್ಯುಲೇಷನ್‌ನಲ್ಲಿ ಮಾತ್ರ ಇವೆ, ಕೆಲವು ವರ್ಷಗಳಲ್ಲಿ ಮುಂದಿನ ಕನ್ಸೋಲಿಗೆ ತರುವ ಆಸೆ ಇದೆ ಅಂತ ಸರ್ನಿ ಹೇಳಿದರು. ಪಿಎಸ್6 ಅನ್ನುವ ಹೆಸರೂ ಎತ್ತಲಿಲ್ಲ. ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ, ಮುಂದಿನ ಯಂತ್ರಗಳಿಗೂ ಎಎಂಡಿ ಜೊತೆ ಕೆಲಸ ಮಾಡುತ್ತೇವೆ, ನಿಮ್ಮ ಹಳೆಯ ಎಕ್ಸ್‌ಬಾಕ್ಸ್ ಆಟಗಳು ಅದರಲ್ಲೂ ನಡೆಯುತ್ತವೆ ಅಂದಿತು. 2027 ಅಂತ ಎಲ್ಲರೂ ಹೇಳುವುದರ ಹಿಂದೆ ದೊಡ್ಡ ಗುಟ್ಟೇನೂ ಇಲ್ಲ. ಪಿಎಸ್3 2006ರ ನವೆಂಬರ್, ಪಿಎಸ್4 2013ರ ನವೆಂಬರ್, ಪಿಎಸ್5 2020ರ ನವೆಂಬರ್. ಏಳಕ್ಕೆ ಏಳು ಕೂಡಿಸಿದ ಲೆಕ್ಕ ಅದು.

ಕಾಸರಗೋಡಿಗೆ ಬರುವ ದಿನಾಂಕ ಬೇರೆ

ಅಮೆರಿಕದ ದಿನಾಂಕ ನೋಡಿ ಕಾಯುವವರು ಮರೆಯುವುದು ಇದನ್ನೇ. ಪಿಎಸ್5 ಅಲ್ಲಿ 2020ರ ನವೆಂಬರ್ 12ಕ್ಕೆ ಬಂತು. ಭಾರತಕ್ಕೆ 2021ರ ಫೆಬ್ರವರಿ 2ಕ್ಕೆ. ಜನವರಿಯ ಪ್ರೀ-ಆರ್ಡರ್ ಕೆಲವೇ ನಿಮಿಷದಲ್ಲಿ ಖಾಲಿ. ಆಮೇಲೆ ತಿಂಗಳುಗಟ್ಟಲೆ ಬೇಕಾದವರಿಗೆ ಸಿಗಲಿಲ್ಲ. ಕೊರತೆ ಮುಗಿಯಿತು ಅಂತ ಸೋನಿ ಹೇಳಿದ್ದು 2023ರ ಜನವರಿಯಲ್ಲಿ. ಎರಡು ವರ್ಷದ ಮೇಲೆ!

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ ಅಂತ ಗಾದೆ ಉಂಟಲ್ಲ, ಪಿಎಸ್5 ಪ್ರೊ ವಿಷಯದಲ್ಲಿ ಆ ಗಾದೆಯೂ ಸುಳ್ಳಾಯಿತು. ಅದು ಬಿಡುಗಡೆಯಾದಾಗ ಭಾರತಕ್ಕೆ ಬರಲೇ ಇಲ್ಲ. ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ನಮ್ಮಲ್ಲಿ ಅನುಮತಿ ಇರಲಿಲ್ಲ, ಅದಕ್ಕೇ ಅಂತ ಸೋನಿ ಕಾರಣ ಕೊಟ್ಟಿತು. ಯಾವ ಪುಕಾರಿನವನೂ ಇದನ್ನು ಮೊದಲೇ ಹೇಳಿರಲಿಲ್ಲ. ಟೆರಾಫ್ಲಾಪ್ ಬಗ್ಗೆ ನೂರು ವಿಡಿಯೊ ಇತ್ತು, ಭಾರತಕ್ಕೆ ಬರುತ್ತದಾ ಅನ್ನುವ ಬಗ್ಗೆ ಒಂದೂ ನಾನು ನೋಡಲಿಲ್ಲ. ನಿಂಟೆಂಡೊ ಅಂತೂ ನಮ್ಮ ದೇಶದಲ್ಲಿ ನೇರವಾಗಿ ಮಾರುವುದೇ ಇಲ್ಲ.

ಹಾಗಾಗಿ ಯಾರಾದರೂ 2027 ಅಂದರೆ ನಾನು ಅದಕ್ಕೆ ಇನ್ನಷ್ಟು ಕೂಡಿಸುತ್ತೇನೆ. ಭಾರತಕ್ಕೆ ಬರಲು ಕೆಲವು ತಿಂಗಳು, ಸ್ಟಾಕ್ ಸಿಗಲು ಇನ್ನು ಕೆಲವು ತಿಂಗಳು, ಮಂಗಳೂರಿನ ಅಂಗಡಿಯಲ್ಲಿ ಕೈಗೆ ಸಿಗುವಷ್ಟು ಬರಲು ಮತ್ತೂ ಸ್ವಲ್ಪ. ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ 50 ಕಿಲೋಮೀಟರೂ ಇಲ್ಲ, ಆದರೂ ಅಲ್ಲಿ ಇದೆಯಾ ಅಂತ ಫೋನ್ ಮಾಡದೆ ಹೋಗಿ ಬರಿಗೈಯಲ್ಲಿ ಬಂದವರನ್ನು ನಾನು ನೋಡಿದ್ದೇನೆ. ಮೊದಲ ದಿನ ಕೊಂಡರೂ ಆಡಲು ಹೊಸ ಆಟ ಬೇಕಲ್ಲ? ಪಿಎಸ್5 ಬಂದು ಎರಡು ವರ್ಷ ಆದ ಮೇಲೂ, 2022ರ ನವೆಂಬರ್‌ನಲ್ಲಿ ಬಂದ ಗಾಡ್ ಆಫ್ ವಾರ್ ರಾಗ್ನರಾಕ್ ಪಿಎಸ್4ರಲ್ಲೂ ನಡೆಯಿತು. ಹೊಸ ಯಂತ್ರ ಬಂದ ಮರುದಿನ ಹಳೆಯದು ಗುಜರಿ ಆಗುವುದಿಲ್ಲ.

ಕಾದರೆ ಬೆಲೆ ಇಳಿಯುತ್ತದೆ ಅನ್ನುವ ಮಾತು ಈ ಸಲ ನಡೆಯಲಿಲ್ಲ. ಭಾರತದಲ್ಲಿ ಡಿಸ್ಕ್ ಇರುವ ಪಿಎಸ್5 ಶುರುವಿಗೆ 49,990 ರೂಪಾಯಿ. 2022ರ ನವೆಂಬರ್‌ನಲ್ಲಿ 54,990 ಆಯಿತು. ಸಪೂರ ಮಾಡೆಲ್ ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಬಂದದ್ದೂ ಅದೇ 54,990ಕ್ಕೆ. ಅಮೆರಿಕದಲ್ಲಿ 2025ರ ಆಗಸ್ಟ್‌ನಲ್ಲಿ ಮತ್ತೆ 50 ಡಾಲರ್ ಏರಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅಲ್ಲಿ ಒಂದೇ ವರ್ಷದಲ್ಲಿ ಎರಡು ಸಲ ಏರಿ 499ರಿಂದ 649 ಡಾಲರ್‌ವರೆಗೆ ಹೋಯಿತು. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆಯೂ ಜಿಗಿದಿದೆ, ಎಐ ಡೇಟಾ ಸೆಂಟರ್‌ಗಳು ಎಲ್ಲವನ್ನೂ ಎತ್ತಿಕೊಳ್ಳುತ್ತಿವೆ. ಅಂಗಡಿಯಲ್ಲಿ ಲ್ಯಾಪ್‌ಟಾಪಿಗೆ ರ‍್ಯಾಮ್ ತರಿಸುವಾಗ ನನಗೇ ಅದರ ಬಿಸಿ ತಟ್ಟುತ್ತಿದೆ. ಹಬ್ಬದ ಆಫರ್‌ಗೆ ಒಂದು ತಿಂಗಳು ಕಾಯಿರಿ, ಅದು ಬೇರೆ ಮಾತು. ಓಣಂ, ದೀಪಾವಳಿ ಹೊತ್ತಿಗೆ ನಾಲ್ಕೈದು ಸಾವಿರ ಕಡಿಮೆಗೆ ಸಿಕ್ಕರೂ ಸಿಗಬಹುದು. ವರ್ಷಗಟ್ಟಲೆ ಕಾದು ಅಗ್ಗಕ್ಕೆ ಕೊಳ್ಳುವ ಲೆಕ್ಕ ಮಾತ್ರ ಹಾಕಬೇಡಿ.

ಹಾಗಾದರೆ ಈಗ ಯಾವುದು?

ನಮ್ಮ ಕಡೆಗೆ ನನ್ನ ಮೊದಲ ಆಯ್ಕೆ ಡಿಸ್ಕ್ ಇರುವ ಪಿಎಸ್5 ಸ್ಲಿಮ್. ಡಿಸ್ಕ್ ಹಾಕಲು ಆಗದ ಡಿಜಿಟಲ್ ಮಾಡೆಲ್ ಬಂದಾಗ ಹತ್ತು ಸಾವಿರ ಕಡಿಮೆ ಇತ್ತು, 44,990. ಆ ಉಳಿತಾಯ ಮೂರ್ನಾಲ್ಕು ಆಟದಲ್ಲಿ ಕರಗಿ ಹೋಗುತ್ತದೆ. ಡಿಸ್ಕ್ ಇದ್ದರೆ ಆಡಿ ಮುಗಿಸಿ ಗೆಳೆಯನಿಗೆ ಕೊಡಬಹುದು, ಅವನದ್ದು ತರಬಹುದು, ಮಾರಬಹುದು. ನೀರ್ಚಾಲಿನ ನಾಲ್ಕು ಹುಡುಗರು ಸೇರಿ ಆಟ ಕೊಳ್ಳುತ್ತಾರೆ, ಒಂದು ಡಿಸ್ಕ್ ನಾಲ್ಕು ಮನೆ ಸುತ್ತುತ್ತದೆ. ಪಿಎಸ್4ರ ಹಳೆಯ ಡಿಸ್ಕ್‌ಗಳೂ ಹೆಚ್ಚುಕಡಿಮೆ ಎಲ್ಲ ನಡೆಯುತ್ತವೆ.

ಇನ್ನೊಂದು ಕಾರಣ ಇಂಟರ್ನೆಟ್. ದೊಡ್ಡ ಆಟ ಅಂದರೆ ಈಗ 100 ಜಿಬಿ. 50 ಎಂಬಿಪಿಎಸ್ ಫೈಬರ್‌ನಲ್ಲಿ ನಾಲ್ಕೂವರೆ ಗಂಟೆ. ಪೆರ್ಲ, ಮುಳ್ಳೇರಿಯ ಕಡೆ ಗುಡ್ಡದ ಹಿಂದಿನ ಮನೆಗಳಲ್ಲಿ ಮೊಬೈಲ್ ನೆಟ್ಟಿನಲ್ಲಿ 10 ಎಂಬಿಪಿಎಸ್ ಸಿಕ್ಕಿದರೆ ಪುಣ್ಯ. ಆಗ 22 ಗಂಟೆ ಬೇಕು, ಅದೂ ನಡುವೆ ಕರೆಂಟ್ ಹೋಗದಿದ್ದರೆ. ಡಿಸ್ಕ್ ಇದ್ದರೂ ಅಪ್‌ಡೇಟ್ ಇಳಿಸಬೇಕಾಗುತ್ತದೆ, ಆದರೆ ಸಾಮಾನ್ಯವಾಗಿ ಅಷ್ಟು ದೊಡ್ಡದಲ್ಲ. ಡಿಜಿಟಲ್ ಸ್ಲಿಮ್‌ಗೆ ಡಿಸ್ಕ್ ಡ್ರೈವ್ ಬೇರೆಯಾಗಿ ಜೋಡಿಸಬಹುದು ಅನ್ನುವುದು ನಿಜ. ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಬೇಕು, ಅದು ನೆನಪಿರಲಿ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಸಣ್ಣದು, ಮುದ್ದಾಗಿದೆ, ಶುರುವಿಗೆ 34,990 ಇತ್ತು. ಕರೆಂಟ್ ತುಂಬ ಕಡಿಮೆ ತಿನ್ನುತ್ತದೆ. ಪಿಎಸ್5 ದೊಡ್ಡ ಆಟ ಓಡಿಸುವಾಗ ಸುಮಾರು 200 ವ್ಯಾಟ್ ಎಳೆದರೆ ಇದು ಅದರ ಅರ್ಧಕ್ಕೂ ಕಡಿಮೆ. ಇನ್ವರ್ಟರ್ ಮನೆಗೆ ಒಳ್ಳೆಯದು. ಆದರೆ ಡಿಸ್ಕ್ ಇಲ್ಲ, ಮೊದಲ ಮಾಡೆಲ್‌ನಲ್ಲಿ ಜಾಗ 512 ಜಿಬಿ, ಮೆಮೊರಿ 10 ಜಿಬಿ. ಇದರ ಸೊಗಸು ಇದ್ದದ್ದು ಗೇಮ್ ಪಾಸ್‌ನಲ್ಲಿ. ತಿಂಗಳಿಗಿಷ್ಟು ಕಟ್ಟಿ ನೂರಾರು ಆಟ. 2025ರ ಅಕ್ಟೋಬರ್‌ನಲ್ಲಿ ಅದರ ಅಲ್ಟಿಮೇಟ್ ಪ್ಲಾನ್ ಅಮೆರಿಕದಲ್ಲಿ 19.99ರಿಂದ 29.99 ಡಾಲರ್‌ಗೆ ಹಾರಿತು, ನಮ್ಮಲ್ಲೂ ಏರಿತು. ಇಷ್ಟೆಲ್ಲ ಡೌನ್‌ಲೋಡ್ ಮಾಡುವ ನೆಟ್ ನಿಮ್ಮಲ್ಲಿ ಇದ್ದರೆ ಮಾತ್ರ ಯೋಚಿಸಿ.

ಬರೀ ಫುಟ್ಬಾಲ್ ಆಡುವವರಿಗೆ ಒಂದು ಮಾತು. ಉಪ್ಪಳ, ಕುಂಬಳೆ ಕಡೆ ಇಂಥ ಹುಡುಗರು ತುಂಬ. ಸಂಜೆ ಗದ್ದೆಯಲ್ಲಿ ಏಳೇಳು ಜನರ ಸೆವೆನ್ಸ್, ರಾತ್ರಿ ಟಿವಿಯಲ್ಲಿ ಫುಟ್ಬಾಲ್ ಗೇಮ್ ಎಫ್‌ಸಿ. ಎಫ್‌ಸಿ 26 ಪಿಎಸ್4ಕ್ಕೂ ಬಂದಿದೆ. ಸರಿಯಾಗಿ ನಡೆಯುವ ಹಳೆಯ ಪಿಎಸ್4 ಸಿಕ್ಕಿದರೆ ಸದ್ಯಕ್ಕೆ ಅಷ್ಟೇ ಸಾಕು. ಜಿಟಿಎ 6 ಅನ್ನುವ ಹೊಸ ಆಟಕ್ಕೆ ಕಾಯುವವರಿಗೆ ಅದು ಸಾಕಾಗುವುದಿಲ್ಲ. ಅದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಅಂತ ಘೋಷಿಸಿದ್ದಾರೆ, ದಿನಾಂಕ 2026ರ ನವೆಂಬರ್ 19. ಅದಕ್ಕೆ ಪಿಎಸ್6 ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈಗ ಸಿಗುವ ಯಂತ್ರದಲ್ಲೇ ಆ ಆಟ ಬರುವುದು.

ಗಲ್ಫಿನಿಂದ ತರಿಸುವುದಾದರೆ

ನಮ್ಮ ಜಿಲ್ಲೆಯಲ್ಲಿ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಹುಡುಕಬೇಕು. ಸ್ವಿಚ್ 2, ಪಿಎಸ್5 ಪ್ರೊ ಇಲ್ಲಿಗೆ ಹೆಚ್ಚಾಗಿ ಬಂದದ್ದು ಅವರ ಸೂಟ್‌ಕೇಸಿನಲ್ಲೇ. ತರಿಸಿ, ತಪ್ಪಿಲ್ಲ. ಬಿಲ್ ಇಟ್ಟುಕೊಳ್ಳಿ, ಕಸ್ಟಮ್ಸ್ ಮಿತಿ ಎಷ್ಟು ಅಂತ ಬರುವವರು ಮೊದಲೇ ನೋಡಿಕೊಳ್ಳಲಿ. ಮುಖ್ಯ ವಿಷಯ ವಾರಂಟಿ. ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ನಡೆಯುವುದಿಲ್ಲ. ಕೆಟ್ಟರೆ ಮತ್ತೆ ಅವರು ರಜೆ ಮುಗಿಸಿ ಹೋಗುವಾಗಲೇ ಕಳಿಸಬೇಕು. ಪಿಎಸ್5 ಆಟದ ಡಿಸ್ಕ್ ಯಾವ ದೇಶದ್ದಾದರೂ ನಡೆಯುತ್ತದೆ. ಆದರೆ ಗಿಫ್ಟ್ ಕಾರ್ಡ್ ನಿಮ್ಮ ಅಕೌಂಟ್ ಯಾವ ದೇಶದ್ದೋ ಅದೇ ದೇಶದ್ದು ಬೇಕು. ದುಬೈ ಕಾರ್ಡ್ ಭಾರತದ ಅಕೌಂಟಿಗೆ ಹತ್ತುವುದಿಲ್ಲ.

ಪ್ರೊ ಬೇಕಾ? ಅದರಲ್ಲಿ ಮಾತ್ರ ನಡೆಯುವ ಆಟ ಅಂತ ಇಲ್ಲ, ಅದೇ ಆಟಗಳು ಚಂದ ಕಾಣುತ್ತವೆ ಅಷ್ಟೆ. 2 ಟಿಬಿ ಜಾಗ ಉಂಟು, ಡಿಸ್ಕ್ ಡ್ರೈವ್ ಇಲ್ಲ. ಮನೆಯಲ್ಲಿ ದೊಡ್ಡ, ಒಳ್ಳೆಯ 4ಕೆ ಟಿವಿ ಇಲ್ಲದಿದ್ದರೆ ಆ ದುಡ್ಡು ಟಿವಿಗೆ ಹಾಕಿ.

ಸ್ವಿಚ್ 2 ನನಗೆ ಇಷ್ಟ. ಕರೆಂಟ್ ಹೋದರೂ ಕೈಯಲ್ಲಿ ಹಿಡಿದು ಆಡಬಹುದು. ಬ್ಯಾಟರಿ ಎರಡು ಗಂಟೆಯಿಂದ ಆರೂವರೆ ಗಂಟೆವರೆಗೆ ಅಂತ ನಿಂಟೆಂಡೊ ಹೇಳುತ್ತದೆ, ದೊಡ್ಡ ಆಟಕ್ಕೆ ಎರಡರ ಹತ್ತಿರವೇ ಅಂದುಕೊಳ್ಳಿ. 7.9 ಇಂಚಿನ ಪರದೆ, 256 ಜಿಬಿ ಜಾಗ. ಕಾರ್ಡ್ ಹಾಕುವುದಾದರೆ ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ಸೇ ಬೇಕು, ಫೋನಿನಿಂದ ತೆಗೆದ ಹಳೆಯ ಕಾರ್ಡಿನಲ್ಲಿ ಇದರ ಆಟ ಇಡಲು ಆಗುವುದಿಲ್ಲ. ಮತ್ತೆ ಕೆಲವು ಆಟಗಳ ಡಬ್ಬದ ಮೇಲೆ ಗೇಮ್-ಕೀ ಕಾರ್ಡ್ ಅಂತ ಬರೆದಿರುತ್ತದೆ. ಅದರೊಳಗೆ ಆಟ ಇರುವುದಿಲ್ಲ, ಬೀಗದಕೈ ಮಾತ್ರ. ಆಟ ಡೌನ್‌ಲೋಡ್ ಮಾಡಬೇಕು. ಅಣ್ಣನೋ ಭಾವನೋ ಅಷ್ಟು ದೂರದಿಂದ ಕಾರ್ಡ್ ಹೊತ್ತು ತಂದ ಮೇಲೆ ಮಗು ಇಡೀ ದಿನ ಡೌನ್‌ಲೋಡ್ ನೋಡುತ್ತಾ ಕೂರುವ ಹಾಗೆ ಮಾಡಬೇಡಿ. ಡಬ್ಬ ನೋಡಿ ತರಲು ಹೇಳಿ.

ಯಾವುದೇ ಇರಲಿ, ಗಾಳಿ ಮತ್ತು ಸಿಡಿಲು

ಇದನ್ನು ಯಾವ ವಿಡಿಯೊದಲ್ಲೂ ಹೇಳುವುದಿಲ್ಲ, ಆದರೆ ನಮಗೆ ಮುಖ್ಯ. ಕಳೆದ ಮಳೆಗಾಲದಲ್ಲಿ ಉಪ್ಪಳದ ಸಮುದ್ರ ಬದಿಯ ಮನೆಯಿಂದ ಒಂದು ಪಿಎಸ್4 ಬಂತು. ಆನ್ ಮಾಡಿದರೆ ವಿಮಾನದ ಹಾಗೆ ಸದ್ದು ಮಾಡಿ ಹತ್ತು ನಿಮಿಷದಲ್ಲಿ ಆಫ್. ಬಿಚ್ಚಿದೆ. ಸ್ಕ್ರೂ ತಲೆಗಳೆಲ್ಲ ಕೆಂಪು ತುಕ್ಕು. ಎಚ್‌ಡಿಎಂಐ ತೂತಿನ ಒಳಗೆ ಹಸಿರು ಪಾಚಿಯ ಹಾಗೆ ಕಟ್ಟಿತ್ತು. ಫ್ಯಾನಿನ ಎಲೆಗಳಲ್ಲಿ ಧೂಳು ತೇವಕ್ಕೆ ಕಲಸಿ ಕೆಸರಾಗಿ ಗಟ್ಟಿಯಾಗಿತ್ತು, ಉಗುರಿನಲ್ಲಿ ಕೆರೆದರೂ ಬರುವುದಿಲ್ಲ. ಪವರ್ ಸಪ್ಲೈ ಎತ್ತಿದರೆ ಕೆಳಗೆ ಬೆಚ್ಚಗಿನ ಜಾಗದಲ್ಲಿ ಇರುವೆಗಳು ಮೊಟ್ಟೆ ಇಟ್ಟಿದ್ದವು, ಬಿಳಿ ರವೆ ಚೆಲ್ಲಿದ ಹಾಗೆ.

ಅದಕ್ಕೇ ಹೇಳುವುದು. ಕನ್ಸೋಲನ್ನು ನೆಲದ ಮೇಲೆ, ಕಿಟಕಿ ಬದಿ ಇಡಬೇಡಿ. ಮಳೆಗಾಲದಲ್ಲಿ ಆಡದಿದ್ದರೂ ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಒಳಗೆ ಒಣಗುತ್ತದೆ. ಪಿಎಸ್5ರ ಬದಿಯ ಮುಚ್ಚಳ ತೆಗೆದರೆ ಧೂಳು ಸೇರುವ ತೂತುಗಳು ಕಾಣುತ್ತವೆ, ಅಲ್ಲಿ ವ್ಯಾಕ್ಯೂಮ್ ಹಿಡಿಯಿರಿ. ಅದಕ್ಕಿಂತ ಒಳಗೆ ಕೈ ಹಾಕಬೇಡಿ, ಚಿಪ್‌ನ ಬಿಸಿ ಎಳೆಯಲು ಪೇಸ್ಟ್ ಬದಲು ಲಿಕ್ವಿಡ್ ಮೆಟಲ್, ಅಂದರೆ ನೀರಿನ ಹಾಗೆ ಹರಿಯುವ ಲೋಹ, ಇದೆ. ಚೆಲ್ಲಿದರೆ ಬೋರ್ಡೇ ಹೋಗುತ್ತದೆ. ಅಭ್ಯಾಸ ಇಲ್ಲದ ಅಂಗಡಿಯವನ ಕೈಗೂ ಕೊಡಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೊದಲೊಮ್ಮೆ ಬಿಚ್ಚಿದ್ದಾರಾ ಅಂತ ಕೇಳಿ, ದೊಡ್ಡ ಆಟ ಹಾಕಿ ಒಂದು ಗಂಟೆ ಓಡಿಸಿ ನೋಡಿ, ಟಾರ್ಚ್ ಬಿಟ್ಟು ಎಚ್‌ಡಿಎಂಐ ತೂತಿನ ಒಳಗೆ ನೋಡಿ.

ದೀಪಾವಳಿ ಹೊತ್ತಿನ ಸಂಜೆ ಸಿಡಿಲಿಗೆ ಯಾವ ಸ್ಟೆಬಿಲೈಸರೂ ಸಾಲದು. ಗುಡುಗು ಕೇಳಿಸಿತಾ, ಪ್ಲಗ್ ತೆಗೆಯಿರಿ. ಇಂಟರ್ನೆಟ್ಟಿನ ಲ್ಯಾನ್ ವೈರ್, ಕೇಬಲ್ ಟಿವಿ ವೈರ್ ಕೂಡ ತೆಗೆಯಿರಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ನನ್ನ ಅಂಗಡಿಗೆ ಬರುವ ಸುಟ್ಟ ಟಿವಿಗಳು ಜಾಸ್ತಿ ಆ ದಾರಿಯವೇ.

ಕಾಯಬಹುದಾದವರು

ಈಗಾಗಲೇ ಪಿಎಸ್5 ಅಥವಾ ಸೀರೀಸ್ ಎಕ್ಸ್ ಇದ್ದವರು ಆರಾಮಾಗಿ ಕಾಯಿರಿ. ನಿಮ್ಮ ಆಟಗಳು ನಡೆಯುತ್ತವೆ, ಅವಸರ ಇಲ್ಲ. ಒಳ್ಳೆಯ ಗೇಮಿಂಗ್ ಪಿಸಿ ಇದ್ದವರೂ ಕಾಯಬಹುದು. ಈ ವರ್ಷ ಎಸ್ಸೆಸ್ಸೆಲ್ಸಿ, ಪ್ಲಸ್ ಟು ಪರೀಕ್ಷೆ ಇರುವ ಮಕ್ಕಳ ಮನೆಯವರು ಪರೀಕ್ಷೆ ಮುಗಿಯುವವರೆಗೆ ಕಾಯುವುದು ನ್ಯಾಯ. ಸಾಲ ಮಾಡಿ ಕೊಳ್ಳಬೇಕಾದವರು ಖಂಡಿತ ಕಾಯಿರಿ. ಇವು ಯಾವುವೂ ಪುಕಾರಿನ ಕಾರಣಗಳಲ್ಲ, ನೋಡಿ. ನಿಮ್ಮ ಮನೆಯ ಕಾರಣಗಳು.

ಅಕ್ಕನ ಮಗ ಈಗ ಹತ್ತನೇ ಕ್ಲಾಸು, ಪೆರ್ಲದಲ್ಲಿ ಮನೆ. ಮೊನ್ನೆ ಅವನೂ ಅದೇ ಪ್ರಶ್ನೆ ಕೇಳಿದ. ಪಿಎಸ್6ರ ಚಿತ್ರ ಅಂತ ಫೋನಿನಲ್ಲಿ ಒಂದು ತೋರಿಸಿದ, ಕಪ್ಪು ಬಣ್ಣದ್ದು, ಸುತ್ತ ನೀಲಿ ಬೆಳಕು. ಇಬ್ಬರೂ ಕೂತು ಹಿಗ್ಗಿಸಿ ನೋಡಿದೆವು. ಕಂಟ್ರೋಲರಿನ ಒಂದು ಬದಿಗೆ ಬಟನ್ ಐದು ಇತ್ತು, ಇನ್ನೊಂದು ಬದಿಗೆ ಮೂರು. "ಇದು ಎಐ ಮಾಡಿದ್ದು ಮಾಮ" ಅಂತ ಅವನೇ ಹೇಳಿದ. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ಮೊದಲ ಶನಿವಾರ ಬೆಳಗಿನ ರೈಲಿಗೆ ಮಂಗಳೂರಿಗೆ ಹೋಗುವುದು ಅಂತ ಆಗಿದೆ. ಡಿಸ್ಕ್ ಇರುವ ಸ್ಲಿಮ್. ತಮ್ಮನೂ ಆ ವಾರ ಮೈಸೂರಿನಿಂದ ಬರುತ್ತೇನೆ ಅಂದಿದ್ದಾನೆ, ಎರಡನೇ ಕಂಟ್ರೋಲರ್ ಅವನ ಲೆಕ್ಕದ್ದು.